ಕುದಿಸಿದ ಎಂಜಲು

ಕಿಣ್ವಗಳ ಪಾಠ ಶುರು ಮಾಡಿದರೆ ಸಾಕು, ನನ್ನ ಮರ್ಯಾದೆ ಮೂರಾಬಟ್ಟೆಯಾಗುವುದಕ್ಕೆ ಏನಾದರೊಂದು ದಾರಿ ಸಿಕ್ಕೇ ಸಿಗುತ್ತದೆ. ತಲ್ಲೂರಿನ ಹತ್ತಿರದ ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಕಲಿಸುವವಳು, ಅದೂ ತಾತ್ಕಾಲಿಕ. ಈ ಸಲ ಪಾಠ ನೋಡಲು ಸಾಹೇಬರೊಬ್ಬರು ಬರುವವರಿದ್ದರು. ಅವರು ‘ಅಡ್ಡಿಲ್ಲ’ ಅಂದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ.

ಅನ್ನ

“ಎಂಜಲಿನಲ್ಲಿರುವ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತೆ. ಅನ್ನವನ್ನು ತುಂಬ ಹೊತ್ತು ಜಗಿದು ನೋಡಿ, ಸಿಹಿಯಾಗುತ್ತೆ” ಅಂದಿದ್ದೆ.

ಊಟ ಮುಗಿಸಿ ಗಂಗೊಳ್ಳಿಯ ಹುಡುಗಿಯೊಬ್ಬಳು ಬಂದಳು. ಕಣ್ಣಲ್ಲಿ ನೀರು!

“ಸಿಹಿ ಆಯಿಲ್ಲ ಮೇಡಂ, ಖಾರವೇ ಜಾಸ್ತಿ ಆಯ್ತ್.”

“ಬರೀ ಅನ್ನ ಜಗಿದದ್ದಾ?”

“ಹೌದ್ ಮೇಡಂ. ಮೀನ್ ಸಾರ್ ಬಿಟ್ರೆ ಬೇರೆ ಎಂತದೂ ಹಾಕ್ಲಿಲ್ಲ.”

ಬಂಗುಡೆ

ಮರುದಿನ ಅವಳದೇ ಪ್ರಶ್ನೆ: “ದಿನಾ ಬಂಗುಡೆ ತಿಂದ್ರೂ ನಾವ್ ಎಂತಕೆ ಬಂಗುಡೆ ಆತಿಲ್ಲ?”

ನನಗೆ ಖುಷಿಯೋ ಖುಷಿ. “ಹಳೇ ಮನೆ ಬಿಚ್ಚಿ, ಅದೇ ಮರ, ಅದೇ ಹೆಂಚಿನಲ್ಲಿ ಹೊಸ ಮನೆ ಕಟ್ಟುತ್ತಾರಲ್ಲ, ಹಾಗೆ. ಕೆಲವು ಕಿಣ್ವ ಮೀನಿನ ಪ್ರೋಟೀನ್ ಬಿಚ್ಚುತ್ತವೆ, ಬೇರೆ ಕೆಲವು ಅದೇ ಚೂರುಗಳಿಂದ ನಮ್ಮ ಪ್ರೋಟೀನ್ ಕಟ್ಟುತ್ತವೆ.”

“ಹಾಂಗಾರೆ ನಮ್ಮಪ್ಪಯ್ಯ ಪೂರಾ ಬಂಗುಡೆ ಸಾಮಾನಲ್ಲೇ ಕಟ್ಟಿದ್ದ್!”

ಎಂಜಲು

ಸಾಹೇಬರು ಬಂದರು. ಗಂಜಿ ತಿಳಿಗೆ ಅಯೋಡಿನ್ ಹಾಕಿದರೆ ಕಡುನೀಲಿ. ಎಂಜಲು ಬೆರೆಸಿದರೆ ಆ ನೀಲಿ ಮಾಯ. ಅದಕ್ಕೆಂದೇ ಬೆಳಿಗ್ಗೆ ನನ್ನ ಎಂಜಲನ್ನು ಶೀಸೆಯಲ್ಲಿ ಹಿಡಿದು ಲ್ಯಾಬಿನಲ್ಲಿಟ್ಟಿದ್ದೆ. ಬೆರೆಸಿದೆ, ಕಾದೆ. ನೀಲಿ ಜಪ್ಪಯ್ಯ ಅನ್ನಲಿಲ್ಲ.

ಲ್ಯಾಬ್ ನೋಡಿಕೊಳ್ಳುವ ಅಣ್ಣ, ಮನೆಯಲ್ಲಿ ಭಾರೀ ಮಡಿಯವರು, ಬಾಗಿಲಿಂದಲೇ ಧೈರ್ಯ ಹೇಳಿದರು: “ಹ್ವಾಯ್ ಮೇಡಂ, ಹೆದ್ರಬೇಡಿ. ಎಂಜಲ್ ಮುಟ್ಟುದ್ ಹ್ಯಾಂಗೆ ಅಂದೇಳಿ ನಾನ್ ಆಗ್ಳೇ ಸಮಾ ಕುದ್ಸಿದೆ!”

ಕುದಿಸಿದರೆ ಕಿಣ್ವ ಎಲ್ಲಿ ಉಳಿಯುತ್ತದೆ? ನನ್ನ ಕೆಲಸವೂ ಹೋಯಿತು ಅಂದುಕೊಂಡೆ.

ಸಾಹೇಬರು ನಕ್ಕರು. “ಕುದಿಸಿದರೆ ಕೆಲಸ ಮಾಡಲ್ಲ ಅಂತ ತೋರಿಸಿದಿರಿ. ಈಗ ಹಸಿಯದ್ದು ತೋರಿಸಿ.”

ಉಗುಳೋಣವೆಂದರೆ ಹೆದರಿಕೆಗೆ ಬಾಯಿ ಒಣಗಿ ಹೋಗಿತ್ತು. ಗಂಗೊಳ್ಳಿಯ ಹುಡುಗಿ ಓಡಿ ಬಂದು ಊಟದ ಡಬ್ಬಿ ತೆರೆದು ನನ್ನ ಮೂಗಿಗೆ ಹಿಡಿದಳು. ಒಣಸಿಗಡಿ ಚಟ್ನಿ! ನನ್ನ ಬಾಯಿ ಆಗಲೂ ಒಣ ಒಣ. ನೀರೂರಿದ್ದು ಸಾಹೇಬರಿಗೆ.

“ಕೊಡಿ ಇಲ್ಲಿ” ಎಂದವರೇ ಪ್ರನಾಳಕ್ಕೆ ಉಗುಳಿದರು. ಸ್ವಲ್ಪ ಹೊತ್ತಿಗೆ ನೀಲಿ ಮಾಯ, ಮಕ್ಕಳ ಚಪ್ಪಾಳೆ. “ಅಡ್ಡಿಲ್ಲ” ಎಂದು ಸಾಹೇಬರು ಸಹಿ ಹಾಕಿದಾಗ ನನಗೆ ಹೋದ ಜೀವ ಬಂತು.

ಅಣ್ಣ ಮಾತ್ರ ಪ್ರನಾಳವನ್ನೇ ನೋಡುತ್ತ ಮೆಲ್ಲಗೆ ಕೇಳಿದರು: “ಮೇಡಂ, ಸಾಹೇಬ್ರದ್ದೂ ಕುದ್ಸುದಾ?”