ಹೊನ್ನೆ ಎಣ್ಣೆಯ ಇಂಜಿನು

ಡಬ್ಬಿ ಹಿಡಿದು ಬಂದ ಸರಕಾರಿ ಮನುಷ್ಯನನ್ನು ಮಂಗಳೂರಿನವರು ನಂಬಿದ್ದನ್ನು ನಾನಂತೂ ಕಂಡಿಲ್ಲ. ಅದು ಯುದ್ಧದ ಕಾಲ. ಇಂಜಿನಿನ ಎಣ್ಣೆ ಹಡಗಿನಲ್ಲಿ ಬರುವುದು ನಿಂತಿತ್ತು. ಹೊನ್ನೆ ಬೀಜದ ಎಣ್ಣೆಯಲ್ಲಿ ಇಂಜಿನು ಓಡಿಸಿ ತೋರಿಸು, ಊರವರಿಂದ ಹೊನ್ನೆ ಬೆಳೆಸು ಎಂದು ಕೃಷಿ ಇಲಾಖೆ ನನ್ನನ್ನು ಆರು ತಿಂಗಳಿಗೆ ನೇಮಿಸಿತು. ಓಡಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಮನೆಗೆ. ಮನೆಯಲ್ಲಿ ನನ್ನನ್ನೇ ನಂಬಿದ ಏಳು ಹೊಟ್ಟೆಗಳು.

೧. ಇಲ್ಲದ ಮರ

ಮೊದಲು ದೇರೆಬೈಲಿನ ದೊಡ್ಡ ಜಮೀನಿನ ಯಜಮಾನರ ಬಳಿ ಹೋದೆ. ಮರ ಎಣಿಸಿದವರು ನಾಳೆ ಜಾಗಕ್ಕೂ ಕೈ ಹಾಕುತ್ತಾರೆಂಬ ಗುಮಾನಿ ಅವರಿಗೆ. ಹೊನ್ನೆ ಮರ ಎಷ್ಟುಂಟು ಎಂದು ಕೇಳಿದೆ.

"ನಮ್ಮ ಜಾಗದಲ್ಲಿ ಆ ಮರವೇ ಇಲ್ಲ" ಎಂದರು.

ಅಷ್ಟರಲ್ಲಿ ಮೇಲಿನಿಂದ ಹೊನ್ನೆಕಾಯಿಯೊಂದು ಟಪ್ಪೆಂದು ನನ್ನ ತಲೆಗೇ ಬಿತ್ತು. ಹಾಗಾದರೆ ಇದೆಂತದು ಎಂದೆ. ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬಾವಲಿ ತಂದು ಹಾಕಿದ್ದಿರಬೇಕು ಎಂದರು. ಆಗ ಸರಿಯಾಗಿ ನಡು ಮಧ್ಯಾಹ್ನ.

೨. ಗೋಳಿಬಜೆ

ಬೇರೆ ಕಡೆ ಕಾಡಿ ಬೇಡಿ ಒಂದು ಡಬ್ಬಿ ಎಣ್ಣೆ ಸಂಪಾದಿಸಿದೆ. ಹೊನ್ನೆ ಎಣ್ಣೆ ದೀಪಕ್ಕೆ ಆದೀತು, ಹೊಟ್ಟೆಗೆ ವಿಷ. ಇದು ಗೊತ್ತಿದ್ದೂ ಪೆದ್ದನ ಹಾಗೆ ಡಬ್ಬಿಯನ್ನು ಕೊಟ್ಟಾರದ ಹೋಟೆಲಿನ ಜಗಲಿಯಲ್ಲಿಟ್ಟು ಕಾಫಿಗೆ ಕೂತೆ. ಹೊರಗೆ ಜನ ಸೇರಿದರು, ಗೋಳಿಬಜೆ ಕರಿಯುವುದು ಇದೇ ಎಣ್ಣೆಯಲ್ಲೆಂದು ಒಳಗೆ ಒಬ್ಬರೂ ಬರಲಿಲ್ಲ. ಹೋಟೆಲಿನವರ ಮುಖ ಕಪ್ಪಿಟ್ಟಿತು.

"ನಿಮ್ಮ ಡಬ್ಬಿಯಿಂದ ನನ್ನ ಗೋಳಿಬಜೆ ಹಾಳಾಯ್ತು ಮಾರಾಯ್ರೆ. ಈಗ ನೀವೇ ತಿಂದು ತೋರಿಸಿ."

ಎಲ್ಲರೆದುರು ಆರು ತಿಂದೆ. ಆ ಹೊತ್ತಿಗೆ ಯಾರೋ ಪುಣ್ಯಾತ್ಮರು ನನ್ನ ಎಣ್ಣೆಯನ್ನು ಚರಂಡಿಗೆ ಚೆಲ್ಲಿಯೂ ಆಗಿತ್ತು. ಆದರೂ ಗೋಳಿಬಜೆಯನ್ನು ಯಾರೂ ಮುಟ್ಟಲಿಲ್ಲ. ಈ ಮನುಷ್ಯ ನಾಳೆಯವರೆಗೆ ಬದುಕಿರಲಿ, ಮತ್ತೆ ನೋಡುವ ಎಂದರು.

೩. ಬೆಕ್ಕುಗಳು

ಇಂಜಿನು ಓಡಿಸುವ ದಿನ ಹತ್ತಿರ ಬಂತು, ನನ್ನ ಡಬ್ಬಿ ಖಾಲಿ. ಕಡಲ ಕರೆಯಲ್ಲಿ ಮೀನು ಹಿಡಿಯುವ ಮೊಗವೀರ ಹಿರಿಯರೊಬ್ಬರ ಮನೆಯಲ್ಲಿ ದೋಣಿಗೆ ಬಳಿಯುವ ಹೊನ್ನೆ ಎಣ್ಣೆ ಇತ್ತು. ಇಂಜಿನು ಕುಡಿದರೆ ದೋಣಿಗೆಂತ ಬಳಿಯುವುದು ಎಂದು ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಏಳು ಹೊಟ್ಟೆಯ ಕತೆ ಹೇಳಿಕೊಂಡೆ. ಒಳಗೆ ಹೋಗಿ ಒಂದು ಡಬ್ಬಿ ತುಂಬಿಸಿ ತಂದರು.

ಆ ದಿನ ಕೊಟ್ಟಾರದ ನೀರೆತ್ತುವ ಇಂಜಿನಿನ ಸುತ್ತ ಜನವೋ ಜನ. ಮದ್ರಾಸಿನ ದೊಡ್ಡ ಅಧಿಕಾರಿಗಳೂ ಬಂದಿದ್ದರು. ಎಣ್ಣೆ ಹೊಯ್ದು ಚಕ್ರ ತಿರುಗಿಸಿದರೆ ಇಂಜಿನು ಡಬಡಬನೆ ಓಡಿಯೇ ಬಿಟ್ಟಿತು! ನನಗೆ ಅಳುವೇ ಬಂತು. ಮರುಗಳಿಗೆ ಕಾದ ಕಾವಲಿಯಲ್ಲಿ ಬೂತಾಯಿ ಮೀನು ಹುರಿದಂಥ ಪರಿಮಳ. ಕೊಟ್ಟಾರದ ಬೆಕ್ಕುಗಳೆಲ್ಲ ಬಂದು ಇಂಜಿನಿನ ಸುತ್ತ ಸಾಲಾಗಿ ಕೂತವು. ಹಿರಿಯರು ಹೊನ್ನೆ ಎಣ್ಣೆಯನ್ನು ದೋಣಿಗೆ ಉಳಿಸಿಕೊಂಡು ನನಗೆ ಮೀನೆಣ್ಣೆ ಕೊಟ್ಟಿದ್ದರು. ಜನರ ನಡುವೆ ನಿಂತಿದ್ದ ಅವರನ್ನು ಪಕ್ಕಕ್ಕೆ ಕರೆದು ಕೇಳಿದೆ.

"ಇಂಜಿನು ಓಡಿತಲ್ಲ, ಇನ್ನೆಂತ ಬೇಕು ನಿಮಗೆ?" ಎಂದರು.

ಅಧಿಕಾರಿಗಳು ನಶ್ಯ ಏರಿಸಿ ಏರಿಸಿ ಮೂಗು ಸತ್ತವರು, ನನ್ನ ಪುಣ್ಯ. ಬೆಕ್ಕುಗಳೇಕೆ ಎಂದಾಗ ಇಲ್ಲಿ ಇಲಿ ಜಾಸ್ತಿ ಎಂದೆ. ಅವರು ಖುಷಿಯಿಂದ ಅಲ್ಲಿಯೇ ನನ್ನ ಕೆಲಸವನ್ನು ಇನ್ನೂ ಒಂದು ವರ್ಷ ಮುಂದುವರಿಸಿದರು. ಆಮೇಲೆ ಇಂಜಿನು ನೋಡಲು ಬಂದಿದ್ದ ದೇರೆಬೈಲಿನ ಯಜಮಾನರ ಕಡೆ ತಿರುಗಿ, ಈ ಎಣ್ಣೆ ಕೊಡುವ ಮರ ನಿಮ್ಮಲ್ಲಿ ಎಷ್ಟುಂಟು ಎಂದು ಕೇಳಿದರು.

ಯಜಮಾನರು ಕೈ ಮುಗಿದರು. "ನಮ್ಮ ಜಾಗದಲ್ಲಿ ಆ ಮರವೇ ಇಲ್ಲ ಸ್ವಾಮಿ."

ನನ್ನ ಇಡೀ ನೌಕರಿಯಲ್ಲಿ ಅವರ ಬಾಯಿಂದ ಕೇಳಿದ ಒಂದೇ ಒಂದು ನಿಜ ಅದು.