ಕರಿಬೇವಿಗೆ ಕಬ್ಬಿಣ ಉಣಿಸಿದ್ದು

ತಮಿಳುನಾಡಿನ ಕಾರಮಡೈ ಪಕ್ಕದ ನಮ್ಮ ಕರಿಬೇವಿನ ತೋಟಕ್ಕೆ ಏನು ಕಾಯಿಲೆ ಎಂದು ಪತ್ತೆ ಮಾಡಲು ನನಗೆ ಯಾರ ನೆರವೂ ಬೇಕಾಗಲಿಲ್ಲ. ಚಿಗುರೆಲ್ಲ ಹಳದಿ, ನರ ಮಾತ್ರ ಹಸಿರು. ಸೊಪ್ಪು ಕೊಳ್ಳುವ ವ್ಯಾಪಾರಿ ಪಳನಿಸ್ವಾಮಿ ಒಂದು ಕಟ್ಟನ್ನು ಎತ್ತಿ ನೋಡಿ, "ವೇಂಡಾಂ ಅಕ್ಕಾ", ಬೇಡ ಎಂದು ಕೆಳಗಿಟ್ಟುಬಿಟ್ಟಿದ್ದ. ಹೋದ ವರ್ಷ ನಾನೂ ಹೀಗೇ ಬಿಳಿಚಿಕೊಂಡಾಗ ಡಾಕ್ಟರು ಕಬ್ಬಿಣಾಂಶ ಕಡಿಮೆ ಎಂದಿದ್ದರು. ನನಗೆ ಮಾತ್ರೆ ಕೊಟ್ಟರು. ಗಿಡಕ್ಕೆ? ಕಬ್ಬಿಣವೇ!

ತಡಮಾಡದೆ ಚಿಕಿತ್ಸೆ ಆರಂಭಿಸಿದೆ. ತುಕ್ಕು ಮೊಳೆ, ಮುರಿದ ಕುಡುಗೋಲು, ಹಳೇ ಬಾಗಿಲ ಚಿಲಕ, ಕೈಗೆ ಸಿಕ್ಕಿದ ಕಬ್ಬಿಣವನ್ನೆಲ್ಲ ಗಿಡಗಳ ಬುಡದಲ್ಲಿ ಹೂತೆ. ಸಂಜೆ ನನ್ನ ಗಂಡ ರಂಗಸ್ವಾಮಿ ಪಂಪಿನ ಮೋಟಾರು ಬಿಚ್ಚಲು ಕೂತರು.

"ಸರೋಜಾ, ಸ್ಪ್ಯಾನರ್ ಎಲ್ಲೇ?"

"ಊಟಕ್ಕೆ ಹಾಕ್ಬುಟ್ಟೆ."

"ಯಾರ್ಗೆ?"

"ಕರಿಬೇವ್ಗೆ!"

ಅವರು ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ.

ಎಷ್ಟು ಕಾದರೂ ಎಲೆ ಹಸಿರಾಗಲಿಲ್ಲ. ಕಳೆ ಕಿತ್ತಾಗ ಮೊಳೆಗಳು ಮಾತ್ರ ಲಕ್ಷಣವಾಗಿ ಮೇಲೆ ಬಂದವು. ಸೊಪ್ಪು ಹೇಗಿದೆಯೆಂದು ಮತ್ತೆ ನೋಡಲು ಬಂದ ಪಳನಿಸ್ವಾಮಿಯ ವ್ಯಾನಿನ ಎರಡು ಚಕ್ರಗಳು ತೋಟದಲ್ಲೇ ಉಸಿರು ಬಿಟ್ಟವು. ಆಗ ಅವನು ತಮಿಳಿನಲ್ಲಿ ಆಡಿದ್ದನ್ನು ಕನ್ನಡಕ್ಕೆ ತರುವ ಧೈರ್ಯ ನನಗಿಲ್ಲ!

ಕೊನೆಗೆ ಗಂಡನೇ ನನ್ನನ್ನೂ ಒಂದು ಚೀಲ ಮಣ್ಣನ್ನೂ ಬೈಕಿಗೇರಿಸಿ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕರೆದೊಯ್ದರು. ಅಲ್ಲಿನ ಮೇಡಂ ಒಂದು ಚಿಟಿಕೆ ಮಣ್ಣಿಗೆ ನಾಲ್ಕು ಹನಿ ಆಸಿಡ್ ಬಿಟ್ಟರು. ಮಣ್ಣು ಬುಸ್ಸೆಂದು ನೊರೆಯೆದ್ದಿತು! ನಾನು ಹೆದರಿ ಗಂಡನ ತೋಳು ಹಿಡಿದೆ.

"ನಿಮ್ಮ ಮಣ್ಣಲ್ಲಿ ಸುಣ್ಣ ಜಾಸ್ತಿ ಅಮ್ಮಾ," ಎಂದು ಮೇಡಂ ತಮಿಳಿನಲ್ಲಿ ವಿವರಿಸಿದರು. "ಕಬ್ಬಿಣಕ್ಕೇನೂ ಬರವಿಲ್ಲ. ಮಣ್ಣಿನ ಈ ಕೆಂಪು ಬಣ್ಣವೇ ಕಬ್ಬಿಣದ್ದು. ಆದರೆ ಸುಣ್ಣ ಇರುವ ಕಡೆ ಅದು ನೀರಿಗೆ ಕರಗುವುದಿಲ್ಲ. ಕರಗದ್ದನ್ನು ಬೇರು ಹೇಗೆ ಕುಡಿಯುತ್ತೆ?"

ನಾನು ಕಾಲೆತ್ತಿ ನನ್ನ ಅಂಗಾಲು ನೋಡಿಕೊಂಡೆ. ಮದುವೆಯಾಗಿ ಬಂದಾಗಿನಿಂದ ಅಂಗಾಲಿನಿಂದ ಉಜ್ಜಿ ತೊಳೆಯುತ್ತಿದ್ದ ಕೆಂಪು, ಕಬ್ಬಿಣ! ಕಬ್ಬಿಣದಲ್ಲಿ ಬೇರು ಬಿಟ್ಟುಕೊಂಡೇ ಗಿಡ ಕಬ್ಬಿಣಕ್ಕೆ ಹಸಿದಿತ್ತು. ಅದಕ್ಕೆ ನಾನು ಸ್ಪ್ಯಾನರ್ ಬಡಿಸಿದ್ದೆ.

ಕರಗಿದ ಕಬ್ಬಿಣವನ್ನು ಎಲೆಗೇ ಕೊಡಿ ಎಂದು ಮೇಡಂ ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಬರೆದುಕೊಟ್ಟರು. ನೀರಲ್ಲಿ ಕಲಸಿ ತೋಟಕ್ಕೆಲ್ಲ ಸಿಂಪಡಿಸಿದೆ. ಕೆಲವು ದಿನ ಕಳೆದು ಒಂದು ಬೆಳಗ್ಗೆ ಗಂಡ ಕೂಗಿದರು.

"ಇಲ್ ಬಾರೇ! ಹನಿ ಬಿದ್ದ ಜಾಗ ನೋಡು."

ಹಳದಿ ಎಲೆಯ ಮೇಲೆ ಹನಿ ಬಿದ್ದಲ್ಲೆಲ್ಲ ಒಂದೊಂದು ಹಸಿರು ಚುಕ್ಕೆ. ಬಿದ್ದಷ್ಟೇ ಜಾಗ, ಅಷ್ಟೇ ಹಸಿರು! ಇಬ್ಬರೂ ಗರ್ಭಗುಡಿಯ ಮುಂದೆ ನಿಂತವರಂತೆ ಕೈಮುಗಿದೆವು. ಕಣ್ಣಿಗೆ ಕಾಣದಷ್ಟು ಕಬ್ಬಿಣ, ಎಂಥಾ ಮಾಯೆ!

ಆ ಭಾನುವಾರ ನೆಂಟರ ನಿಶ್ಚಿತಾರ್ಥ. ಗಂಡ ಬೀರುವಿನಿಂದ ಬಿಳಿ ರೇಷ್ಮೆ ಪಂಚೆ ತೆಗೆದು ಕೊಡವಿದರು. ನಾನು ಸಿಂಪಡಿಸಿದ ದಿನ ಅದು ತೋಟದಂಚಿನ ಹಗ್ಗದ ಮೇಲೆ ಒಣಗುತ್ತಿತ್ತು. ಮಡಚಿಡುವಾಗ ಏನೂ ಕಂಡಿರಲಿಲ್ಲ; ಈಗ ಪಂಚೆಯ ತುಂಬಾ ತುಕ್ಕಿನ ಚುಕ್ಕೆ!

"ಸರೋಜಾ... ಇದೇನೇ?"

"ಅದೂ ಕಬ್ಬಿಣಾನೇ," ಎಂದೆ ಮೆಲ್ಲಗೆ.

ಮೂರು ಸಲ ಒಗೆದೆ. ಹೋಗಲಿಲ್ಲ. ನನ್ನ ಚಿಕಿತ್ಸೆಯಲ್ಲಿ ಕಬ್ಬಿಣ ನೂರಕ್ಕೆ ನೂರು ಹಿಡಿದದ್ದು ಆ ಪಂಚೆಗೇ!