ಹನ್ನೆರಡು ಮಂದಿಯ ಕರಾರು

ಕರಾರು ಇಷ್ಟೇ: ಒಂದು ವರ್ಷದೊಳಗೆ ಹನ್ನೆರಡು ಮಂದಿ ಹುಡುಗ ಹುಡುಗಿಯರು ದುಡಿದು ತಿನ್ನುವಂತಾಗಬೇಕು. ಹಾಗಾದರೆ ಕುಂದಾಪುರ ಬಸ್‌ಸ್ಟ್ಯಾಂಡಿನ ಹತ್ತಿರದ ಮಾಳಿಗೆಯ ಹಾಲ್ ಇನ್ನೂ ಐದು ವರ್ಷ ನಮ್ಮ ಯುವಜನ ಟ್ರಸ್ಟಿಗೆ ಬಿಟ್ಟಿ. ಹನ್ನೊಂದಕ್ಕೆ ನಿಂತರೆ ಬೀಗದಕೈ ವಾಪಸ್ ಕೊಡಬೇಕು, ಅಲ್ಲಿ ಲಾಡ್ಜ್ ಆಗುತ್ತದೆ.

ಹೇಳಿದವರು ಕಟ್ಟಡದ ಧಣಿಗಳು. ವಂಡ್ಸೆ ಕಡೆಯವರು, ಮುಂಬೈಯಲ್ಲಿ ಮೂರು ಹೋಟೆಲ್ ನಡೆಸುತ್ತಾರೆ. ಒಪ್ಪಿದವನು ನಾನು. ಹಗ್ಗ, ಟಾರ್ಪಾಲು, ಪೈಪು, ಪಂಪು ಮಾರುತ್ತ ತಲೆ ನೆರೆಸಿಕೊಂಡವನು. ಟ್ರಸ್ಟಿಗೆ ನನ್ನನ್ನು ಅಧ್ಯಕ್ಷ ಮಾಡಿದ್ದು ನನ್ನ ಸೇವಾ ಮನೋಭಾವ ಕಂಡು ಅಲ್ಲ. ಆಯ್ಕೆಯ ಸಭೆಗೆ ನಾನೊಬ್ಬ ಹೋಗಿರಲಿಲ್ಲ, ಅಷ್ಟೇ.

ನಲವತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತು ನಕ್ಕದ್ದು ಕಡಿಮೆ. ಈ ಹಾಲಿನ ಬಾಗಿಲು ತೆರೆದ ಮೇಲೆ ಮಾತ್ರ ನಗು ಬರಿಸುವಂಥದ್ದು ವಾರಕ್ಕೊಂದಾದರೂ ಆಗುತ್ತಲೇ ಇದೆ.

ತುಂಬಿದ ತರಗತಿ

ಮೊದಲು ಶುರು ಮಾಡಿದ್ದು ಎಂಜಿನ್ ರಿಪೇರಿಯ ತರಗತಿ. ಜೋರು ಮಳೆಗಾಲ. ಬೈಂದೂರು, ಗಂಗೊಳ್ಳಿ ಕಡೆಯಿಂದ ಹುಡುಗರು ಬಂದರೇ ಬಂದರು. ತಂದಿಟ್ಟ ಮೂವತ್ತು ಕುರ್ಚಿ ಸಾಲದೆ ಶಾಮಿಯಾನದವನಿಂದ ಇನ್ನೂ ಹತ್ತು ತರಿಸಿದೆ. ಫೋಟೋ ತೆಗೆದು ಧಣಿಗಳಿಗೆ ಕಳಿಸಿದೆ: "ಹನ್ನೆರಡ್ ಕೇಂಡಿದ್ರಿ, ನಲ್ವತ್ತ್ ಕಾಣಿ."

ಕಲಿಸುವವರು ಬ್ರಹ್ಮಾವರದ ಒಬ್ಬ ನಿವೃತ್ತ ಮೇಷ್ಟ್ರು. ಒಂದು ಬೆಳಿಗ್ಗೆ ಅವರ ಫೋನ್: "ಸಾವ್ಕಾರ್ರೆ, ಒಂಚೂರ್ ಬಂದ್ ಹೋಯ್ಕಿತ್ತಲ್ಲ." ಹೋಗಿ ನೋಡಿದರೆ ನಲವತ್ತು ಕುರ್ಚಿಗೆ ಇಬ್ಬರು ಹುಡುಗರು. ಅವರಲ್ಲೂ ಒಬ್ಬನ ಕಾಲಿಗೆ ಪ್ಲಾಸ್ಟರ್.

"ಬಾಕಿಯವ್ರ್ ಎಲ್ಲಿ?" ಅಂದೆ.

"ಬೋಟ್ ಇಳ್ದಿತಲ್ಲ ಸಾವ್ಕಾರ್ರೆ," ಅಂದ ಪ್ಲಾಸ್ಟರಿನವನು. "ನಂಗೂ ಕಾಲ್ ಸಮ ಆದ್ರೆ ಹೋತೆ."

ಮಳೆಗಾಲಕ್ಕೆ ಬೋಟುಗಳು ದಡದಲ್ಲಿರುತ್ತವೆ, ಹುಡುಗರು ಖಾಲಿ ಇರುತ್ತಾರೆ. ಮಳೆ ಇಳಿದ ಕೂಡಲೇ ಎಲ್ಲರೂ ಕಡಲಿಗೆ. ಈ ಕರಾವಳಿಯಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ವಿಷಯ. "ನಿಮ್ಗೆ ಒಂಚೂರೂ ಅಂದಾಜಾಯ್ಲಿಲ್ಯಾ?" ಅಂತ ಮೇಷ್ಟ್ರು ಕೇಳಿದರು. ಅದರ ಹಿಂದಿನ ವಾರವಿಡೀ ಆ ಬೋಟುಗಳಿಗೆ ಹಗ್ಗ ಮಾರಿದವನು ನಾನೇ. ಹೊತ್ತುಕೊಂಡು ಹೋದವರು ಇದೇ ಹುಡುಗರು. ಬಿಲ್ಲು ಬರೆಯುತ್ತ "ಎಂತ ಮಗಾ, ಕ್ಲಾಸ್ ಹ್ಯಾಂಗಿತ್ತ್?" ಅಂತ ಬೇರೆ ಕೇಳಿದ್ದೆ. "ಅಡ್ಡಿಲ್ಲ ಸಾವ್ಕಾರ್ರೆ" ಅಂದಿದ್ದರು.

ಗಿರಾಕಿ ಅಂಗಡಿಗೆ ಬಾರದಿದ್ದರೆ ಅಂಗಡಿಯೇ ಗಿರಾಕಿಯ ಹತ್ತಿರ ಹೋಗಬೇಕು. ತರಗತಿಯನ್ನು ಬಂದರಿಗೆ ಒಯ್ದೆವು. ಬೋಟು ದಡಕ್ಕೆ ಬಂದಾಗ ಪಾಠ, ಕೆಟ್ಟ ಎಂಜಿನ್ನೇ ಪುಸ್ತಕ. ಮೂವರು ಹುಡುಗರು ಹದವಾಗಿ ಕಲಿತು ಈಗ ಅಲ್ಲೇ ರಿಪೇರಿ ಮಾಡಿಕೊಂಡಿದ್ದಾರೆ. ಅಲ್ಲಿಗೆ ಮೂರು.

ಮೇಷ್ಟ್ರ ಮೇಲೆ ಹುಡುಗರಿಗೆ ಎಷ್ಟು ಪ್ರೀತಿ ಬಂತೆಂದರೆ ದಿನಾ ಒಂದು ಚೀಲ ಹಸಿಮೀನು ಕೊಟ್ಟು ಕಳಿಸುತ್ತಿದ್ದರು. ಮೇಷ್ಟ್ರು ಬೆಳ್ಳುಳ್ಳಿಯನ್ನೂ ಮುಟ್ಟದವರು. ಬೇಡ ಅನ್ನುವುದಕ್ಕೂ ದಾಕ್ಷಿಣ್ಯ, ಚೀಲವನ್ನು ತೋಳುದ್ದ ದೂರ ಹಿಡಿದುಕೊಂಡು ತಂದು ನಮ್ಮ ಮನೆಯ ಜಗಲಿಯ ಮೇಲಿಟ್ಟು ಓಡುತ್ತಿದ್ದರು. ತರಗತಿ ಮುಗಿಯುತ್ತ ಬಂದಾಗ, "ಆ ಮಕ್ಳಿಗೆ ಇನ್ನೂ ಒಂದೆರಡ್ ತಿಂಗ್ಳ್ ಕಲ್ಸಿ, ಪಾಪ" ಎಂದು ಟ್ರಸ್ಟಿನ ಪರವಾಗಿ ಮೊದಲ ಬಾರಿಗೆ ಮಾತಾಡಿದವಳು ನನ್ನ ಹೆಂಡತಿ.

ಮನಿ ಎಲ್ಲಾಯ್ತ್?

ಹುಡುಗರಿಗೆ ಸಂದರ್ಶನದ ಅಭ್ಯಾಸ ಮಾಡಿಸಲು ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರನ್ನು ಕರೆಸಿದೆವು. ಮೊದಲು ಒಳಗೆ ಹೋದವನು ಬ್ರಹ್ಮಾವರ ಕಡೆಯ ಹುಡುಗ, ಬಾಯಿ ಬಿಟ್ಟರೆ ಬೆವರುವವನು. ಮ್ಯಾನೇಜರ್ ಕನ್ನಡಕ ಏರಿಸಿ ಕೇಳಿದ ಮೊದಲ ಪ್ರಶ್ನೆ: "ಮನಿ ಎಲ್ಲಾಯ್ತ್?"

ಹುಡುಗ ಊರಿನ ಹೆಸರು ಹೇಳಿದ.

"ಅಲ್ಲಿ ಯಾರ್ ಮನಿ?"

ಅದನ್ನೂ ಹೇಳಿದ.

"ಹೋ! ನಮ್ಮ್ ಅತ್ತಿ ಮನಿ ಬಾವಿ ತೋಡ್ಸುವತಿಗೆ ಜಾಗ ತೋರ್ಸಿದ್ದ್ ನಿನ್ನ್ ಅಜ್ಜಯ್ಯ ಅಲ್ದಾ?"

ಮುಂದಿನ ನಲವತ್ತು ನಿಮಿಷ ಆ ಬಾವಿಯನ್ನು ಇಬ್ಬರೂ ಸೇರಿ ಇನ್ನೊಮ್ಮೆ ತೋಡಿದರು. ಹೊರಗೆ ಹದಿನಾಲ್ಕು ಮಂದಿ ಕಾಯುತ್ತಿದ್ದರು. ಅಂಕದ ಹಾಳೆ ನೋಡಿದರೆ 'ವಿಷಯ ಜ್ಞಾನ' ಎಂಬಲ್ಲಿ ಮ್ಯಾನೇಜರ್ ಬರೆದಿದ್ದರು: "ಒಳ್ಳೆ ಜನ."

ನಾನು ಹುಡುಗನನ್ನು ಕೂರಿಸಿಕೊಂಡು ಹೇಳಿದೆ: "ನಿಜವಾದ ಸಂದರ್ಶನದಲ್ಲಿ ಹೀಂಗೆಲ್ಲ ಇರುದಿಲ್ಲ. ಕೇಂಡದ್ದಕ್ಕೆ ಮಾತ್ರ ಉತ್ತರ." ಉಡುಪಿಯ ಒಂದು ಮೊಬೈಲ್ ಅಂಗಡಿಗೆ ಕಳಿಸಿದೆ. ಅಲ್ಲಿನ ಮ್ಯಾನೇಜರ್ ಟೈ ಕಟ್ಟಿದವರು. "ನಿಮ್ಮ ಬಗ್ಗೆ ಹೇಳಿ" ಅಂದರಂತೆ. ಇವನಿಗೆ ನಾಲಿಗೆ ಒಣಗಿತು, ಕಲಿಸಿದ್ದೆಲ್ಲ ಮರೆತುಹೋಯಿತು. ಉಳಿದದ್ದು ಒಂದೇ ವಾಕ್ಯ. "ಸರ್, ನಿಮ್ಮ್ ಮನಿ ಎಲ್ಲಾಯ್ತ್?"

ಮ್ಯಾನೇಜರ್ ಕಣ್ಣು ಕೆಂಪು ಮಾಡಿ ನೋಡಿದರಂತೆ. ಆಮೇಲೆ ಟೈ ಸಡಿಲಿಸಿ, "ಕೋಟದ್ ಹತ್ರ. ಎಂತಕೆ?" ಅಂದರಂತೆ. ಸಂಜೆ ಹುಡುಗ ಕೆಲಸ ಹಿಡಿದುಕೊಂಡು ಬಂದ. ನಾಲ್ಕು.

ತಿಂಗಳಾದ ಮೇಲೆ ಅದೇ ಮ್ಯಾನೇಜರ್ ಫೋನ್ ಮಾಡಿದರು. "ನಿಮ್ಮ ಹುಡುಗ ಬಂದ ಗಿರಾಕಿಯನ್ನೆಲ್ಲ ಮನಿ ಎಲ್ಲಾಯ್ತ್ ಅಂತ ಹಿಡಿದು ಕೂರಿಸ್ತಾನೆ. ಒಬ್ಬೊಬ್ಬರಿಗೆ ಅರ್ಧ ಗಂಟೆ."

"ತಪ್ಪಾಯ್ತು, ವಾಪಸ್ ಕಳಿಸ್ತೀರಾ?" ಅಂದೆ.

"ಅಯ್ಯೋ ಬ್ಯಾಡ ಮಾರಾಯ್ರೆ! ಸಂಬಂಧ ಸಿಕ್ಕಿದ್ ಮೇಲೆ ಬರಿಗೈಯಲ್ ಎದ್ದ್ ಹೋಪುಕೆ ಅವ್ರಿಗೇ ನಾಚ್ಕಿ ಆತ್ತ್. ಇಂಥವ ಇನ್ನೊಬ್ಬ ಇದ್ರೆ ಕಳ್ಸಿ."

ನೆಂಟರಿಲ್ಲದ ಊರು

ಹಾಲಾಡಿಯ ಅಕ್ಕ ತಂಗಿ ಇಬ್ಬರು ಅಡುಗೆ ವ್ಯಾಪಾರದ ತರಬೇತಿ ಮುಗಿಸಿ ಪೇಟೆಯ ಜಂಕ್ಷನ್ನಿನಲ್ಲಿ ನೀರುದೋಸೆಯ ಗಾಡಿ ಇಟ್ಟರು. ಬೆಳಿಗ್ಗೆ ಏಳಕ್ಕೇ ಜನ ಮುತ್ತುತ್ತಿದ್ದರು. ವಾರ ಕಳೆದು ನಾನು ಹೋದಾಗ ಇಬ್ಬರ ಮುಖವೂ ಬಾಡಿತ್ತು.

"ವ್ಯಾಪಾರ ಇಲ್ಯಾ?"

"ವ್ಯಾಪಾರ ಎಂತ ಸಾವ್ಕಾರ್ರೆ," ಅಂದಳು ಅಕ್ಕ. "ಅಲ್ಲ್ ಕೂಕಂಡದ್ದ್ ಮಾವ, ಅವ್ರ್ ಹತ್ರ ದೊಡ್ಡಪ್ಪಯ್ಯ, ಆಚಿಗೆ ಇರುದ್ ಅತ್ತಿ ಮೈದ್ನ. ದುಡ್ಡ್ ಹ್ಯಾಂಗ್ ಕೇಂಬುದ್?"

ನನ್ನ ಕಣ್ಣೆದುರೇ ಮಾವ ಕೈತೊಳೆದು ಬಂದರು. "ದೋಸಿ ಲಾಯ್ಕಾಯ್ತ್ ಹೆಣೆ. ಹೀಂಗೇ ಮುಂದ್ವರ್ಸಿ" ಎಂದು ಆಶೀರ್ವಾದ ಮಾಡಿ ಬಸ್ಸು ಹತ್ತಿದರು.

ವ್ಯಾಪಾರಕ್ಕೆ ಜಾಗ ಹುಡುಕುವಾಗ ಎಲ್ಲರೂ ಜನ ಎಲ್ಲಿದ್ದಾರೆ ಅಂತ ನೋಡುತ್ತಾರೆ. ನೆಂಟರು ಎಲ್ಲಿಲ್ಲ ಅಂತ ನೋಡಬೇಕು. ಗಾಡಿಯನ್ನು ಕೊಲ್ಲೂರಿಗೆ ಸಾಗಿಸಿದೆವು. ಕೇರಳದ ಯಾತ್ರಿಕರು, ತಮಿಳುನಾಡಿನ ಯಾತ್ರಿಕರು, ಒಬ್ಬನೂ ಮಾವನಲ್ಲ. ಮೂರು ತಿಂಗಳಲ್ಲಿ ಎರಡನೇ ಗಾಡಿ ಬಂತು. ಆರು.

ನವರಾತ್ರಿಯ ಸಮಯ ನಾನು ಅಲ್ಲಿ ನಿಂತಿದ್ದಾಗ ಹಾಲಾಡಿಯ ಅದೇ ಮಾವ ದರ್ಶನ ಮುಗಿಸಿ, ಮನೆಮಂದಿ ಆರು ಜನರನ್ನು ಕಟ್ಟಿಕೊಂಡು ಗಾಡಿಯ ಕಡೆಗೆ ಬರುವುದು ಕಂಡಿತು. "ಹ್ವಾಯ್ ಹೆಣೆ!" ಎಂದು ದೂರದಿಂದಲೇ ಕೂಗಿದರು. ಗಾಡಿಯಲ್ಲಿ ಒಬ್ಬಳೇ ಇದ್ದ ತಂಗಿ ತಟ್ಟನೆ ಸೆರಗನ್ನು ಮೂಗಿನವರೆಗೆ ಎಳೆದು, ಗಿರಾಕಿಗಳಿಂದ ಕಲಿತ ಅಷ್ಟೂ ಮಲಯಾಳವನ್ನು ಒಂದೇ ಉಸಿರಿಗೆ ಹೇಳಿ, ಏಳು ಪ್ಲೇಟಿನ ಹಣಕ್ಕೆ ಕೈ ಮುಂದೆ ಚಾಚಿದಳು. ಮಾವ ಗಲಿಬಿಲಿಯಾಗಿ ಕೊಟ್ಟರು. ತಿಂದು ಮುಗಿಸಿ ನನ್ನ ಹತ್ತಿರ ಬಂದು, "ಕಾಣಿ, ಕೇರಳದವ್ಳ್. ಆದ್ರೂ ನಮ್ಮ್ ಹುಡ್ಗಿಯಷ್ಟೇ ಲಾಯ್ಕ್ ದೋಸಿ ಹೊಯ್ತಾಳೆ," ಅಂದರು.

ಬುಧವಾರ

ಇನ್ನು ನಾಲ್ವರು ನಗುವಂಥದ್ದೇನೂ ಮಾಡಲಿಲ್ಲ. ಸುಮ್ಮನೆ ಬಂದರು, ಕಲಿತರು, ಕೆಲಸಕ್ಕೆ ಹೋದರು. ಇಂಥವರಿಂದಲೇ ಲೋಕ ನಡೆಯುವುದು, ಆದರೆ ಇವರ ಬಗ್ಗೆ ಬರೆಯಲು ಏನೂ ಇರುವುದಿಲ್ಲ. ಹತ್ತು. ವಂಡ್ಸೆಯ ಒಬ್ಬಳು ಫ್ರಿಜ್ ರಿಪೇರಿ ಕಲಿತು ಸ್ಕೂಟರಿನಲ್ಲಿ ಊರೂರು ತಿರುಗುತ್ತಿದ್ದಾಳೆ. ಹನ್ನೊಂದು. ಹನ್ನೆರಡನೆಯವನು ನಾಲ್ಕು ತಿಂಗಳು ಚೆನ್ನಾಗಿಯೇ ಕಲಿತ. ಆಮೇಲೆ ಕ್ರಿಕೆಟ್ ಕ್ಲಬ್ಬಿನ ಅಧ್ಯಕ್ಷಗಿರಿಗೆ ನಿಂತ. ಸೋತ. ಈಗ ಮುಂದಿನ ಚುನಾವಣೆಯ ತಯಾರಿಯಲ್ಲಿದ್ದಾನೆ.

ವರ್ಷ ತುಂಬುವ ದಿನ ಧಣಿಗಳು ಮುಂಬೈಯಿಂದ ಬಂದೇ ಬಿಟ್ಟರು. ಹಾಲಿನಲ್ಲಿ ನಲವತ್ತು ಖಾಲಿ ಕುರ್ಚಿ, ಮತ್ತು ನಾನು.

"ಎಂತ ಸಾವ್ಕಾರ್ರೆ, ಒಂದ್ ನರಪಿಳ್ಳೆ ಇಲ್ಲ?"

"ಕೆಲ್ಸಕ್ಕೆ ಹೋಯಿರ್ ಧಣಿ. ಹಾಲ್ ತುಂಬ್ಸುಕೆ ಕೆಲ್ಸ ಇಲ್ದಿದ್ದವ್ರನ್ ಕರೀಕ್."

ಅವರಿಗೆ ಅದು ರುಚಿಸಲಿಲ್ಲ. ಪಟ್ಟಿ ಕೇಳಿದರು, ಓದಿದರು, ಬೆರಳಿಟ್ಟು ಎಣಿಸಿದರು. "ಹನ್ನೊಂದ್ ಆಯ್ತಲ್ಲ?"

ಮಾಲು ಕಡಿಮೆ ಬಿದ್ದಾಗ ಕಡಿಮೆ ಬಿದ್ದಿದೆ ಎಂದೇ ಹೇಳಿ ಅಭ್ಯಾಸ. "ಹನ್ನೊಂದೇ," ಅಂದೆ.

"ಮಾತ್ ಅಂದ್ರೆ ಮಾತ್," ಅಂದರು. ನಾನು ಜೇಬಿನಿಂದ ಬೀಗದಕೈ ತೆಗೆದು ಮೇಜಿನ ಮೇಲಿಟ್ಟೆ.

ಆಗ ಅವರ ಫೋನ್ ಹೊಡೆದುಕೊಂಡಿತು. ವಂಡ್ಸೆಯ ಮನೆಯಿಂದ. ಮಾತು ಮುಗಿಸಿ ಮೇಜು ಗುದ್ದಿದರು. "ನಾಳೆ ಮುಂಬೈಯಿಂದ ಇಪ್ಪತ್ತ್ ಜನ ಬತ್ರ್. ಒಂದ್ ಪೆಟ್ಗಿ ಅಂಜಲ್ ಮೀನ್ ತಂದ್ ಇಟ್ಟಾಯ್ತ್, ಫ್ರಿಜ್ ಹಾಳಾಯ್ತ್. ನಿನ್ನೆಯಿಂದ ಫೋನ್ ಮಾಡುದ್, ಯಾರೋ ಒಂದ್ ಹೆಣ್, ಬುಧವಾರ ಬತ್ತೆ ಅಂತಳಂತೆ! ಎಂತಾ ಊರ್ ಮಾರ್ರೆ ಇದ್!"

ಅವಳ ನಂಬರು ತೋರಿಸಿ ಅಂದೆ. ಮನೆಯಿಂದ ತರಿಸಿ ತೋರಿಸಿದರು. ನಾನು ಪಟ್ಟಿಯನ್ನು ಅವರ ಕಡೆಗೆ ತಿರುಗಿಸಿ ಕೊನೆಯ ಸಾಲಿನಲ್ಲಿದ್ದ ಅದೇ ನಂಬರಿನ ಮೇಲೆ ಬೆರಳಿಟ್ಟೆ.

ಧಣಿಗಳು ಒಂದು ಕ್ಷಣ ನೋಡಿದರು. ಮೂರು ಹೋಟೆಲ್ ಕಟ್ಟಿದ ತಲೆ, ತಡವಾಗಲಿಲ್ಲ. "ಇವತ್ತೇ ಕಳ್ಸಿ. ಇವ್ಳನ್ ಎರಡ್ ಅಂತ ಲೆಕ್ಕ ಹಿಡಿವ."

ಇಷ್ಟು ಒಳ್ಳೆ ರೇಟು ನನಗೆ ಯಾರೂ ಕೊಟ್ಟದ್ದಿಲ್ಲ. ಕೂಡಲೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. "ಹೆಣೆ, ಧಣಿಗಳ ಮನಿಗೆ ಈಗ್ಲೇ ಹೋಯ್ಕ್. ನಮ್ಮ್ ಹಾಲ್ ಉಳೂದ್ ಇದ್ರ್ ಮೇಲೆ."

"ಆತಿಲ್ಲ ಸಾವ್ಕಾರ್ರೆ. ನಾನ್ ಪೇಟಿಯಲ್ ಮೀನ್ ಮಾರು ಅಕ್ಕನ್ ಫ್ರೀಜರ್ ಬಿಚ್ಚಿ ಕೂಕಂಡಿದೆ. ಇವ್ರ್ ಮೀನ್ ಹಾಳಾದ್ರೆ ವಾರದ್ ಊಟ ಹೋತ್ತ್. ಇವ್ರ್ದ್ ಮುಗಿದ್ ಮೇಲೂ ಮೂರ್ ಮನಿಗೆ ಮಾತ್ ಕೊಟ್ಟಿದೆ."

ಧಣಿಗಳು ಫೋನ್ ಕಸಿದುಕೊಂಡರು. "ಹ್ವಾಯ್, ನಾನೇ ಮಾತಾಡುದ್. ಡಬಲ್ ಕೊಡ್ತೆ!"

"ಡಬಲ್ ಕೊಟ್ರೂ ಬುಧವಾರವೇ ಧಣಿ. ಒಂದ್ ಕೆಲ್ಸ ಮಾಡಿ. ನಿಮ್ಮ್ ಅಂಜಲ್ ಇಲ್ಲಿಗೆ ಕಳ್ಸಿ. ಅರ್ಧ ಗಂಟಿಯಲ್ ಈ ಫ್ರೀಜರ್ ಸಮ ಆತ್ತ್, ಇದ್ರಲ್ ಇಡ್ತ್ರ್. ಅಕ್ಕಂಗೆ ಬಾಡ್ಗಿ ಕೊಡ್ಕ್, ಅಷ್ಟೇ. ಫೋನ್ ಇಡ್ತೆ, ಕೈಯೆಲ್ಲ ಎಣ್ಣಿ." ಫೋನ್ ಕಟ್.

ನನ್ನ ಹಾಲ್ ಹೋಯಿತು ಅಂದುಕೊಂಡೆ. ಧಣಿಗಳು ಫೋನನ್ನು ಮೇಜಿನ ಮೇಲಿಟ್ಟರು. ಆಮೇಲೆ ಹೊಟ್ಟೆ ಕುಲುಕುವಂತೆ ನಗತೊಡಗಿದರು. "ಅರೇ, ನಂಗೇ ಬಾಡ್ಗಿ ಹಾಕಿದ್ಲಲ್ಲ! ನನ್ನ್ ಮೂರ್ ಹೋಟೆಲಲ್ಲೂ ಇಂಥದ್ದೊಂದ್ ಮ್ಯಾನೇಜರ್ ಇಲ್ಲ ಮಾರ್ರೆ. ಎರಡ್ ಅಂತ ಬರೀರಿ."

ಬರೆದೆ. ಸಹಿಯನ್ನೂ ಹಾಕಿಸಿಕೊಂಡೆ, ನಗು ನಿಂತ ಮೇಲೆ ಮನುಷ್ಯ ಬದಲಾಗುತ್ತಾನೆ.

ವರ್ಷದ ಒಟ್ಟು ಲೆಕ್ಕ ಹೀಗಿದೆ: ಜನ ಹನ್ನೊಂದು, ಕರಾರಿನ ಪ್ರಕಾರ ಹನ್ನೆರಡು, ಹಾಲ್ ಐದು ವರ್ಷ, ಧಣಿಗಳ ಫ್ರಿಜ್ ಬುಧವಾರ.